ಹಳೆ ಕಂಪ್ಯೂಟರ್ ಗುಜರಿಗೆ ಹಾಕುವ ಮುನ್ನ ಇದನ್ನು ತಿಳಿಯಿರಿ: ಏನಿದು ಚೆನ್ನೈನ 'ಬಾಸ್' ಲಿನಕ್ಸ್, 32 ಬಿಟ್ ಸಮಸ್ಯೆ?

ಚೆನ್ನೈ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ನಿಯಮಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಹಳೆಯ ಎಷ್ಟೋ ಯಂತ್ರಗಳಲ್ಲಿ ಅದಿಲ್ಲ. ಚೆನ್ನಾಗಿಯೇ ಓಡುತ್ತಿರುವ ಕಂಪ್ಯೂಟರ್ ಅನ್ನು ಏನು ಮಾಡುವುದು?

ತಮಿಳುನಾಡು ಈ ಪ್ರಶ್ನೆಯನ್ನು ಮೊದಲೇ ಎದುರಿಸಿತ್ತು. 2014ರ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿ ಬೆಂಬಲ ನಿಂತಾಗ, 'ಬಾಸ್' ಲಿನಕ್ಸ್‌ಗೆ ಬದಲಾಗುವಂತೆ ಅಲ್ಲಿನ ಸರ್ಕಾರ ತನ್ನ ಇಲಾಖೆಗಳಿಗೆ ಸೂಚಿಸಿತ್ತು.

ಏನಿದು ಬಾಸ್?

ಭಾರತ್ ಆಪರೇಟಿಂಗ್ ಸಿಸ್ಟಮ್ ಸೊಲ್ಯೂಷನ್ಸ್ ಎಂಬುದರ ಕಿರುರೂಪವೇ ಬಾಸ್. ಅಡ್ಯಾರ್ ಪಕ್ಕದ ತರಮಣಿಯಲ್ಲಿರುವ ಸಿ-ಡ್ಯಾಕ್ ಕೇಂದ್ರ ಇದನ್ನು ರೂಪಿಸಿತು. ಕನ್ನಡ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಬಳಸಬಹುದು, ಪರವಾನಗಿ ಶುಲ್ಕವಿಲ್ಲ. ಶಾಲೆಗಳಿಗಾಗಿ 'ಎಜುಬಾಸ್' ಎಂಬ ಪ್ರತ್ಯೇಕ ಆವೃತ್ತಿಯೂ ಇದೆ. ಅಗ್ಗದ ಯಂತ್ರದಲ್ಲಿ ಲಿನಕ್ಸ್ ಓಡಿಸುವ ಪ್ರಯತ್ನ ಕನ್ನಡಿಗರಿಗೂ ಹೊಸದಲ್ಲ, ಬೆಂಗಳೂರಿನ ಸಿಂಪ್ಯೂಟರ್ ನೆನಪಿರಬಹುದು.

ಬಾಸ್‌ಗೆ ಅಡಿಪಾಯ ಡೆಬಿಯನ್ ಲಿನಕ್ಸ್. ತೊಡಕು ಇರುವುದೂ ಇಲ್ಲಿಯೇ. ಮೂಲ ಡೆಬಿಯನ್ ಕೈಬಿಟ್ಟ ಹಾರ್ಡ್‌ವೇರ್ ಅನ್ನು ಅದರ ಮೇಲೆ ಕಟ್ಟಿದ ವ್ಯವಸ್ಥೆಗಳು ಸ್ವಂತ ಶ್ರಮದಿಂದ ಉಳಿಸಿಕೊಳ್ಳಬೇಕು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ, ಕರ್ನಲ್ ಕೂಡ ಇಲ್ಲ. ಪ್ರೊಸೆಸರ್ 64 ಬಿಟ್ ಆಗಿದ್ದರೆ ಹೊಸದಾಗಿ ಹಾಕಿಕೊಳ್ಳಿ, ಇಲ್ಲದಿದ್ದರೆ ಯಂತ್ರಕ್ಕೆ ನಿವೃತ್ತಿ ಕೊಡಿ ಎಂಬುದು ಡೆಬಿಯನ್ ತಂಡದ ಸಲಹೆ.

ಬೆಂಬಲ ನಿಲ್ಲಿಸುವುದೇಕೆ?

1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆದದ್ದೇ ಇಂಟೆಲ್ 386 ಯಂತ್ರದಲ್ಲಿ. ಆ 386ಕ್ಕೆ ಇದ್ದ ಬೆಂಬಲವನ್ನು 2012ರ ಡಿಸೆಂಬರ್‌ನಲ್ಲಿ ಅವರೇ ತೆಗೆದುಹಾಕಿದರು. ಹಳೆಯ ಚಿಪ್‌ಗೆಂದು ಬರೆದ ಕೋಡ್ ಸುಮ್ಮನೆ ಬಿದ್ದಿರುವುದಿಲ್ಲ. ಪ್ರತಿ ಬದಲಾವಣೆಯಾದಾಗಲೂ ಅದನ್ನು ಪರೀಕ್ಷಿಸಬೇಕು, ಪರೀಕ್ಷಿಸಲು ಯಾರಾದರೂ ಅಂಥ ಯಂತ್ರ ಇಟ್ಟುಕೊಂಡಿರಬೇಕು. ಜೊತೆಗೆ 32 ಬಿಟ್ ವ್ಯವಸ್ಥೆಯಲ್ಲಿ ಒಂದು ಪ್ರೋಗ್ರಾಂಗೆ 4 ಜಿಬಿಗಿಂತ ಹೆಚ್ಚು ಮೆಮೊರಿ ಸಿಗದು. ಇಂದಿನ ಬ್ರೌಸರ್‌ಗಳನ್ನು ಕಂಪೈಲ್ ಮಾಡಲು ಅದು ಸಾಲುವುದಿಲ್ಲ. ಹಣ ಕೊಟ್ಟು ಖರೀದಿಸದ ವ್ಯವಸ್ಥೆಯಲ್ಲಿ ಈ ಕೆಲಸದ ಬಹುಪಾಲು ಸ್ವಯಂಸೇವಕರ ಮೇಲೆ ಬೀಳುತ್ತದೆ ಎಂಬುದನ್ನು ದೂರುವವರು ಮರೆಯುತ್ತಾರೆ.

ನಿಮ್ಮ ಯಂತ್ರಕ್ಕೆ ದಾರಿ ಇದೆಯೇ?

32 ಬಿಟ್ ವಿಂಡೋಸ್ ಇದ್ದ ಮಾತ್ರಕ್ಕೆ ಕಂಪ್ಯೂಟರ್ ಕೂಡ 32 ಬಿಟ್ ಎಂದುಕೊಳ್ಳಬೇಡಿ. ಇಂಟೆಲ್ ಕೋರ್ 2 ಡ್ಯುಯೋ ಕೂಡ 64 ಬಿಟ್ ಚಿಪ್. ರ‍್ಯಾಮ್ 2 ಜಿಬಿ ಮಾತ್ರ ಇದ್ದರೆ ಗ್ನೋಮ್ ಭಾರವಾಗುತ್ತದೆ. ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಆರಿಸಿಕೊಳ್ಳುವುದು ಒಳ್ಳೆಯದು. ಹಾರ್ಡ್ ಡಿಸ್ಕ್ ತೆಗೆದು ಸಣ್ಣ ಎಸ್‌ಎಸ್‌ಡಿ ಹಾಕಿದರೆ ವೇಗದಲ್ಲಿ ಆಗುವ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ವೈಫೈ ಮೊದಲು ದೊಡ್ಡ ತಲೆನೋವಾಗಿತ್ತು. 2023ರ ಡೆಬಿಯನ್ 12ರಿಂದ ಅದಕ್ಕೆ ಬೇಕಾದ ಫರ್ಮ್‌ವೇರ್ ಇನ್‌ಸ್ಟಾಲರ್ ಜೊತೆಗೇ ಬರುತ್ತಿದೆ. ಏನನ್ನೂ ಅಳಿಸುವ ಮುನ್ನ ಪೆನ್‌ಡ್ರೈವ್‌ನಿಂದ 'ಲೈವ್' ಆಗಿ ಓಡಿಸಿ, ವೈಫೈ, ಪ್ರಿಂಟರ್ ಮತ್ತು ಕನ್ನಡ ಟೈಪಿಂಗ್ ಮೂರನ್ನೂ ಪರೀಕ್ಷಿಸಿ ನೋಡಿ.