‘ಗಾಸಿಪ್’: ದೇವರ ನಂಟಿನಿಂದ ಹರಟೆಯವರೆಗೆ

ಪದವೊಂದರ ಅರ್ಥಾಂತರವು ಅದನ್ನು ಬಳಸಿದ ಸಮಾಜದ ಸಂಬಂಧಗಳು ಬದಲಾದುದರ ಕುರುಹೂ ಆಗಿರುತ್ತದೆ. ಇಂಗ್ಲಿಷಿನ ‘ಗಾಸಿಪ್’ ಇದಕ್ಕೆ ನಿದರ್ಶನ. ಸಿನಿಮಾ ಸುದ್ದಿಗಳ ಸಂದರ್ಭದಲ್ಲಿ ಕನ್ನಡದಲ್ಲಿಯೂ ಬಳಕೆಯಲ್ಲಿರುವ ಈ ಪದ ಇಲ್ಲಿ ಗಾಳಿಸುದ್ದಿ ಎಂಬ ಅರ್ಥದಲ್ಲಷ್ಟೇ ನೆಲೆನಿಂತಿದೆ. ಇದು ಆ ಪದದ ಕೊನೆಯ ಅವಸ್ಥೆ.

ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಗಾಡ್‌ಸಿಬ್’. ‘ಗಾಡ್’ ಎಂದರೆ ದೇವರು. ‘ಸಿಬ್’ ಎಂದರೆ ನಂಟ. ಒಡಹುಟ್ಟಿದವರನ್ನು ಸೂಚಿಸುವ ‘ಸಿಬ್ಲಿಂಗ್’ ಪದದಲ್ಲಿರುವುದೂ ಇದೇ ‘ಸಿಬ್’. ಮಗುವಿನ ದೀಕ್ಷಾಸ್ನಾನದಲ್ಲಿ ಹೊಣೆ ನಿಲ್ಲುವವರು, ಗಂಡಾಗಲಿ ಹೆಣ್ಣಾಗಲಿ, ಈ ಹೆಸರಿಗೆ ಅರ್ಹರಾಗಿದ್ದರು. ಯಾರ್ಕಿನ ಆರ್ಚ್‌ಬಿಷಪ್ ವುಲ್ಫ್‌ಸ್ಟನ್ನನು 1014ರ ತನ್ನ ಪ್ರಸಿದ್ಧ ಪ್ರವಚನದಲ್ಲಿ ನಾಡಿನ ಪಾಪಗಳನ್ನು ಎಣಿಸುವಾಗ ಇಂತಹ ನಂಟರ ಕೊಲೆಯನ್ನೂ ಹೆಸರಿಸುತ್ತಾನೆ. ಮಧ್ಯಯುಗದ ಚರ್ಚಿನ ಕಾನೂನು ಈ ನಂಟರಿಗೂ ಮಗುವಿನ ತಂದೆತಾಯಿಗಳಿಗೂ ನಡುವೆ ವಿವಾಹವನ್ನು ನಿಷೇಧಿಸಿತ್ತು. ರಕ್ತಸಂಬಂಧವಿಲ್ಲದಿದ್ದರೂ ಅದಕ್ಕೆ ಸಮನಾದ ಬಂಧವಿದು.

ಕಾಲಕ್ರಮದಲ್ಲಿ ಪದವು ಆಪ್ತಮಿತ್ರರಿಗೆ, ವಿಶೇಷವಾಗಿ ಹೆರಿಗೆಯ ಕೋಣೆಯಲ್ಲಿ ನೆರವಿಗೆ ಸೇರುತ್ತಿದ್ದ ಹೆಂಗಸರಿಗೆ ಅನ್ವಯವಾಯಿತು. ಗಂಡಸರಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲದ ಆ ಕೋಣೆಯಲ್ಲಿ ಬಾಣಂತನದ ಅರಿವು ಬಾಯಿಂದ ಬಾಯಿಗೆ ಹರಿಯುತ್ತಿತ್ತು. ಮಗುವಿನ ತಂದೆ ಯಾರೆಂಬ ವಿವಾದ ಎದ್ದಾಗ ಅಲ್ಲಿದ್ದ ಹೆಂಗಸರ ಮಾತಿಗೆ ಸಾಕ್ಷ್ಯದ ಬೆಲೆಯೂ ಇತ್ತು. 1623ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ‘ದಿ ವಿಂಟರ್ಸ್ ಟೇಲ್’ ನಾಟಕದಲ್ಲಿ ಪಾಲಿನಾ ನವಜಾತ ಶಿಶುವಿಗೆ ಬೇಕಾದ ‘ಗಾಸಿಪ್’ಗಳ ಪ್ರಸ್ತಾಪ ಮಾಡುವಾಗ ಮೂಲಾರ್ಥವಿನ್ನೂ ಜೀವಂತವಾಗಿದೆ. 1755ರ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟು ಮೂರು ಅರ್ಥಗಳನ್ನು ಕೊಡುತ್ತದೆ: ದೀಕ್ಷಾಸ್ನಾನದ ಹೊಣೆಗಾರ, ಕುಡಿತದ ಜೊತೆಗಾರ, ಬಾಣಂತಿಯ ಕೋಣೆಯ ಹೆಂಗಸರಂತೆ ಚಾಡಿ ಹೇಳುತ್ತ ತಿರುಗುವ ವ್ಯಕ್ತಿ. ಆಮೇಲೆ, 19ನೇ ಶತಮಾನದಲ್ಲಿ, ವ್ಯಕ್ತಿಯ ಹೆಸರು ಮಾತಿನ ಹೆಸರಾಯಿತು.

ಈ ಪಲ್ಲಟ ಇಂಗ್ಲಿಷಿಗೆ ಸೀಮಿತವಲ್ಲ. ಫ್ರೆಂಚಿನಲ್ಲಿ ಧರ್ಮಮಾತೆಯನ್ನು ಸೂಚಿಸುತ್ತಿದ್ದ ‘ಕೊಮೇರ್’ ಪದದಿಂದ ಹರಟೆಯ ಅರ್ಥದ ‘ಕೊಮೆರಾಜ್’ ಹುಟ್ಟಿದೆ. ಪುರುಷವಾಚಕವಾದ ‘ಕೊಂಪೇರ್’ ಈ ಹಾದಿ ಹಿಡಿಯಲಿಲ್ಲ. ಸ್ಪ್ಯಾನಿಷಿನ ‘ಕೊಮಾದ್ರೆ’ಯಿಂದ ಸೂಲಗಿತ್ತಿಯ ಹೆಸರೂ ಬಂದಿದೆ, ಹರಟೆಯ ಹೆಸರೂ ಬಂದಿದೆ. ಮೂರು ಭಾಷೆಗಳಲ್ಲಿಯೂ ಪವಿತ್ರ ನಂಟಿನ ಪದವು ಹೆಂಗಸರ ಕೂಟಕ್ಕೆ ಅಂಟಿಕೊಂಡ ಮೇಲೆಯೇ ಹಗುರವಾಗಿರುವುದು ಗಮನಾರ್ಹ.

ಜಾನಪದ ಅಧ್ಯಯನಕ್ಕೆ ಇದರಲ್ಲೊಂದು ಎಚ್ಚರಿಕೆಯಿದೆ. ನಾವು ಸಂಗ್ರಹಿಸುವ ಹೆರಿಗೆಯ ಆಚರಣೆ, ಮನೆಮದ್ದು, ವಂಶದ ನೆನಪುಗಳು ಬಹುಮಟ್ಟಿಗೆ ಇಂತಹ ಮಾತುಕತೆಗಳಲ್ಲಿಯೇ ಉಳಿದು ಬಂದಿವೆ. ಅದನ್ನು ಕೇವಲ ಹರಟೆಯೆಂದು ಬದಿಗಿಟ್ಟ ಸಂಗ್ರಾಹಕನು ಆಕರವನ್ನೇ ಕಳೆದುಕೊಳ್ಳುತ್ತಾನೆ.