ಖಾಲಿ ಸೀಟಿನ ದುಡ್ಡು ಯಾರ ಕಿಸೆಯಿಂದ? ಹುಬ್ಬಳ್ಳಿ ವಿಮಾನ ನಿಲ್ದಾಣದ ಐವತ್ತು ವರ್ಷ

2025ರ ಡಿಸೆಂಬರ್ ಮೊದಲ ವಾರ ಹುಬ್ಬಳ್ಳಿಯ ಒಂದು ಆರತಕ್ಷತೆ ದೇಶದ ತುಂಬ ಸುದ್ದಿಯಾಯಿತು. ಹಾಲ್ ಸಿಂಗಾರವಾಗಿತ್ತು, ಅಡುಗೆ ಆಗಿತ್ತು, ಬೀಗರು-ಬಿಜ್ಜರು ಬಂದು ಕೂತಿದ್ದರು. ಮದುಮಕ್ಕಳೇ ಬರಲಿಲ್ಲ. ಪೈಲಟ್‌ಗಳ ಕೊರತೆಯಿಂದ ಇಂಡಿಗೊ ಆ ವಾರ ದೇಶದಾದ್ಯಂತ ನೂರಾರು ವಿಮಾನ ರದ್ದು ಮಾಡಿತ್ತು. ಕೊನೆಗೆ ಪರದೆ ಹಾಕಿ, ಇದ್ದಲ್ಲಿಂದಲೇ ವಿಡಿಯೊ ಕಾಲ್‌ನಲ್ಲಿ ಜೋಡಿಯನ್ನು ತೋರಿಸಿದರು. ಬಂದವರು ಪರದೆಗೆ ಕೈ ಮುಗಿದು ಊಟ ಮಾಡಿ ಹೋದರು.

ಮೊಬೈಲ್‌ನಲ್ಲಿ ನೋಡಿದವರು ನಕ್ಕರು. ನಾವೂ ನಕ್ಕೆವು. ಆಮೇಲೆ ಒಂದು ಪ್ರಶ್ನೆ ಉಳಿಯಿತು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ, ಹೈಕೋರ್ಟ್ ಪೀಠ, ಐಐಟಿ, ಎರಡೆರಡು ವಿಶ್ವವಿದ್ಯಾಲಯ ಇರುವ ಈ ಅವಳಿ ನಗರಕ್ಕೆ ಬರುವ ವಿಮಾನಗಳಲ್ಲಿ ಬಹುಪಾಲು ಒಂದೇ ಕಂಪನಿಯವು ಆದದ್ದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ಗೋಕುಲ ರಸ್ತೆಯ ಆ ಪಟ್ಟಿಯ ಕಥೆಯನ್ನು ಮೊದಲಿಂದ ಹೇಳಬೇಕು.

ಶುರುವಾದದ್ದು 1974ರಲ್ಲಿ. ಕಟ್ಟಿದ್ದು ಲೋಕೋಪಯೋಗಿ ಇಲಾಖೆ. ರಸ್ತೆ, ಸೇತುವೆ, ಪ್ರವಾಸಿ ಮಂದಿರ ಕಟ್ಟುವ ಇಲಾಖೆಯೇ ವಿಮಾನ ಇಳಿಯುವ ಜಾಗವನ್ನೂ ಹಾಸಿತು. ಅಮೆರಿಕದಲ್ಲಿ ಅನೇಕ ಸಣ್ಣ ವಿಮಾನ ನಿಲ್ದಾಣಗಳಿಗೆ ಊರಿನ ಪಾಲಿಕೆಯೇ ಮಾಲೀಕ. ನಷ್ಟವಾದರೆ ಅದರ ಚರ್ಚೆ ಪಾಲಿಕೆಯ ಸಭೆಯಲ್ಲೇ ನಡೆಯುತ್ತದೆ. ನಮ್ಮಲ್ಲಿ ಹಾಗಲ್ಲ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ಹುಟ್ಟಿದ್ದು 1962ರಲ್ಲಿ, ವಿಮಾನ ನಿಲ್ದಾಣಕ್ಕಿಂತ ಹನ್ನೆರಡು ವರ್ಷ ದೊಡ್ಡದು. ಆದರೂ ನಿಲ್ದಾಣದಲ್ಲಿ ಅದಕ್ಕೆ ಪಾಲಿಲ್ಲ, ಮಾತೂ ಇಲ್ಲ. ಮೊದಲು ರಾಜ್ಯದ್ದು, ಈಗ ಕೇಂದ್ರದ್ದು. ಊರಿನದು ಹೆಸರು ಮಾತ್ರ.

ರಾಜ್ಯ ಹಾಸಿದ ರನ್‌ವೇ ಮೇಲೆ ಯಾರು ಇಳಿಯಬೇಕು ಎಂಬುದೂ ರಾಜ್ಯದ ಕೈಲಿರಲಿಲ್ಲ. 1953ರ ಏರ್ ಕಾರ್ಪೊರೇಷನ್ಸ್ ಕಾಯ್ದೆಯ ಪ್ರಕಾರ ವೇಳಾಪಟ್ಟಿ ಹಾಕಿ ವಿಮಾನ ಓಡಿಸುವ ಹಕ್ಕು ಸರ್ಕಾರಿ ಕಂಪನಿಗಳಿಗೆ ಮಾತ್ರ. ದೇಶದೊಳಗೆ ಎಂದರೆ ಇಂಡಿಯನ್ ಏರ್‌ಲೈನ್ಸ್. ಅದು ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಣ್ಣ ಊರುಗಳಿಗೆಂದೇ 1981ರಲ್ಲಿ ವಾಯುದೂತ್ ಹುಟ್ಟಿತು. ಸಣ್ಣ ವಿಮಾನ, ಕಡಿಮೆ ಸೀಟು, ಪ್ರತಿ ಹಾರಾಟಕ್ಕೂ ನಷ್ಟ. ತೊಂಬತ್ತರ ದಶಕದಲ್ಲಿ ಅದನ್ನು ಇಂಡಿಯನ್ ಏರ್‌ಲೈನ್ಸ್ ಹೊಟ್ಟೆಗೆ ಸೇರಿಸಿದರು. ಕಾಯ್ದೆ ರದ್ದಾದದ್ದು 1994ರಲ್ಲಿ. ಎರಡು ವರ್ಷಕ್ಕೆ, 1996ರಲ್ಲಿ, ಹುಬ್ಬಳ್ಳಿ ನಿಲ್ದಾಣ ಹೊಸದಾಗಿ ಹುಟ್ಟಿದ್ದ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಕೈಗೆ ಹೋಯಿತು.

ಊರಿನ ಜನಕ್ಕೆ ವಿಮಾನ ಅಂದರೆ ನಿಜವಾಗಿ ಗೊತ್ತಾದದ್ದು 2003ರಲ್ಲಿ. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದಾಗ ಅದರ ಮೊದಮೊದಲ ಮಾರ್ಗಗಳಲ್ಲಿ ಬೆಂಗಳೂರು-ಹುಬ್ಬಳ್ಳಿಯೂ ಒಂದು. 48 ಸೀಟಿನ ಎಟಿಆರ್, ಎರಡು ಪಂಖದ ವಿಮಾನ. ಅದು ಬಂದದ್ದಕ್ಕೆ ಪ್ರೀತಿಯಷ್ಟೇ ಲೆಕ್ಕವೂ ಕಾರಣ. ಆಗ ನಮ್ಮ ರನ್‌ವೇ 1,700 ಮೀಟರ್‌ಗೂ ಕಡಿಮೆ, ದೊಡ್ಡ ಜೆಟ್ ಇಳಿಯುವಂತಿರಲಿಲ್ಲ. (ಈಗ ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್. ಜಗತ್ತಿನಲ್ಲೇ ಉದ್ದದ್ದು ಎಂದು 2023ರಲ್ಲಿ ಉದ್ಘಾಟನೆಯಾಯಿತು. ಆಗಿನ ರನ್‌ವೇಗೂ ಈಗಿನ ಪ್ಲಾಟ್‌ಫಾರ್ಮ್‌ಗೂ ಅಂಥಾ ವ್ಯತ್ಯಾಸವೇನಿಲ್ಲ!)

ಏರ್ ಡೆಕ್ಕನ್ ಟಿಕೆಟ್ ಅಗ್ಗವಿತ್ತು, ಯಾಕೆಂದರೆ ನಷ್ಟವನ್ನು ಹೂಡಿಕೆದಾರರ ದುಡ್ಡು ನುಂಗುತ್ತಿತ್ತು. ಆ ದುಡ್ಡು ತೀರಿತು. 2007ರಲ್ಲಿ ವಿಜಯ ಮಲ್ಯ ಅವರ ಯುಬಿ ಸಮೂಹ ಪಾಲು ಕೊಂಡಿತು, ಮರುವರ್ಷ ಏರ್ ಡೆಕ್ಕನ್ ಹೋಗಿ ಕಿಂಗ್‌ಫಿಶರ್ ರೆಡ್ ಆಯಿತು. ಆಮೇಲಿನ ನಷ್ಟವನ್ನು ನುಂಗಿದ್ದು ಬ್ಯಾಂಕುಗಳು ಮತ್ತು ಸಂಬಳ ಸಿಗದ ನೌಕರರು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಶರ್ ಲೈಸೆನ್ಸ್ ಅಮಾನತಾಯಿತು. ಆಮೇಲೆ ಸ್ಪೈಸ್‌ಜೆಟ್ 78 ಸೀಟಿನ ಬೊಂಬಾರ್ಡಿಯರ್ ವಿಮಾನ ಓಡಿಸಿತು. 2015ರ ಮಾರ್ಚ್ 8ರಂದು ಬೆಂಗಳೂರಿನಿಂದ ಬಂದ ವಿಮಾನ ಇಳಿಯುವಾಗ ರನ್‌ವೇ ಬಿಟ್ಟು ಮಣ್ಣಿಗೆ ಜಾರಿತು. ದೇವರ ದಯೆ, ಯಾರಿಗೂ ಪ್ರಾಣಾಪಾಯ ಆಗಲಿಲ್ಲ. ನಡುನಡುವೆ ವಿಮಾನವೇ ಇಲ್ಲದ ದಿನಗಳೂ ಇದ್ದವು.

ಇಷ್ಟು ಹೊತ್ತಿಗೆ ಇನ್ನೊಂದು ಕೆಲಸ ನಡೆದಿತ್ತು. ರನ್‌ವೇ ಉದ್ದ ಮಾಡಲು ಗೋಕುಲ ಮತ್ತು ಸುತ್ತಲಿನ ಆರು ನೂರು ಎಕರೆ ಆಸುಪಾಸು ಜಮೀನನ್ನು ರಾಜ್ಯ ಸರ್ಕಾರ ಸ್ವಾಧೀನ ಮಾಡಿಕೊಂಡು ಪ್ರಾಧಿಕಾರಕ್ಕೆ ಕೊಟ್ಟಿತು. ಎರೆಭೂಮಿ. ಪರಿಹಾರ ಸಾಲದು ಎಂಬ ತಕರಾರು ವರ್ಷಗಟ್ಟಲೆ ನಡೆಯಿತು. ಉಡಾನ್ ಯೋಜನೆಯ ಲೆಕ್ಕ ಹಾಕುವಾಗ ಈ ಜಮೀನನ್ನು ಯಾರೂ ಸಬ್ಸಿಡಿ ಎಂದು ಕರೆಯುವುದಿಲ್ಲ. ನಮ್ಮ ಪ್ರಕಾರ ಮೊದಲ ಮತ್ತು ದೊಡ್ಡ ಸಬ್ಸಿಡಿ ಅದೇ. ಸಾರ್ವಜನಿಕರ ದುಡ್ಡು, ರೈತರ ಹೊಲ.

2017ರ ಡಿಸೆಂಬರ್‌ನಲ್ಲಿ 2,600 ಮೀಟರ್ ರನ್‌ವೇ ಮತ್ತು ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ಏರ್‌ಬಸ್ ಇಳಿಯುವಂತಾಯಿತು. 2018ರ ಆ ಬೇಸಿಗೆ ನಮ್ಮಂಥ ಸ್ಟ್ರಿಂಜರ್‌ಗಳಿಗೆ ಸುಗ್ಗಿ. ಜುಲೈ 1ಕ್ಕೆ ಇಂಡಿಗೊ ಬಂತು. 2019ರ ಜನವರಿ 25ರಂದು ಸ್ಟಾರ್ ಏರ್ ಎಂಬ ಹೊಸ ಕಂಪನಿ ತನ್ನ ಹಾರಾಟವನ್ನೇ ಬೆಂಗಳೂರು, ಹುಬ್ಬಳ್ಳಿ, ತಿರುಪತಿ ನಡುವೆ ಶುರು ಮಾಡಿತು. ಅದೇ ವರ್ಷ ನವೆಂಬರ್‌ನಲ್ಲಿ ದೆಹಲಿ ಪಕ್ಕದ ಹಿಂಡನ್‌ಗೂ ವಿಮಾನ ಬಂತು. ವಾರಕ್ಕೊಂದು ಉದ್ಘಾಟನೆ, ವಾರಕ್ಕೊಂದು ಕೇಕು. ವರ್ಷದ ಪ್ರಯಾಣಿಕರ ಸಂಖ್ಯೆ ನಾಲ್ಕು ಲಕ್ಷ ದಾಟಿತು. ನಾವೂ 'ಹುಬ್ಬಳ್ಳಿಗೆ ರೆಕ್ಕೆ' ಎಂದೇ ಹೆಡ್ಡಿಂಗ್ ಕೊಟ್ಟೆವು. ದುಡ್ಡು ಎಲ್ಲಿಂದ ಬರುತ್ತಿದೆ ಎಂದು ಆಗ ಕೇಳಲಿಲ್ಲ, ಅದು ನಮ್ಮದೇ ತಪ್ಪು.

ಈಗ ಹೇಳುತ್ತೇವೆ. ಉಡಾನ್‌ನಲ್ಲಿ ಒಂದು ಮಾರ್ಗಕ್ಕೆ ಕಂಪನಿಗಳು ಹರಾಜು ಕೂಗುತ್ತವೆ. ಕಡಿಮೆ ಸಬ್ಸಿಡಿ ಕೇಳಿದವರಿಗೆ ಮಾರ್ಗ. ವಿಮಾನದ ಅರ್ಧದವರೆಗೆ ಸೀಟುಗಳನ್ನು, ಹೆಚ್ಚೆಂದರೆ 40, ಮಿತಿ ಹಾಕಿದ ದರಕ್ಕೆ ಮಾರಬೇಕು. ಒಂದು ತಾಸಿನ ಹಾರಾಟಕ್ಕೆ ಸುಮಾರು 2,500 ರೂಪಾಯಿ ಎಂದು ಶುರುವಾಗಿತ್ತು. ಕೊರತೆ ಬಿದ್ದದ್ದನ್ನು ಮೂರು ವರ್ಷ ತುಂಬಿಕೊಡುತ್ತಾರೆ. ಅದರಲ್ಲಿ 20 ಪರ್ಸೆಂಟ್ ರಾಜ್ಯದ್ದು, ಉಳಿದದ್ದು ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಹಾಕಿದ ಸೆಸ್‌ನಿಂದ. ಅಂದರೆ ಬೆಂಗಳೂರು-ದೆಹಲಿ ಹೋಗುವವನ ಟಿಕೆಟ್‌ನಲ್ಲಿ ನಮ್ಮ ಖಾಲಿ ಸೀಟಿನ ಪಾಲಿತ್ತು. ಇದರ ಮೇಲೆ ಇಂಧನದ ತೆರಿಗೆಯನ್ನು ರಾಜ್ಯ ಒಂದು ಪರ್ಸೆಂಟ್‌ಗೆ ಇಳಿಸಬೇಕು, ಲ್ಯಾಂಡಿಂಗ್ ಮತ್ತು ಪಾರ್ಕಿಂಗ್ ಶುಲ್ಕ ಮಾಫ್. ಮೂರು ವರ್ಷ ಆ ಮಾರ್ಗದಲ್ಲಿ ಬೇರೆಯವರಿಗೆ ಪ್ರವೇಶವಿಲ್ಲ.

ಮೂರು ವರ್ಷ ಮುಗಿದ ಮೇಲೆ? ಮಹಾಲೇಖಪಾಲರ 2023ರ ವರದಿ ಇದನ್ನು ದೇಶದ ಮಟ್ಟದಲ್ಲಿ ಎಣಿಸಿದೆ. ಮೂರನೇ ಸುತ್ತಿನವರೆಗೆ ಕೊಟ್ಟ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಅದಾದ ಮೇಲೂ 2023ರ ಮಾರ್ಚ್‌ವರೆಗೆ ಉಳಿದದ್ದು 54. ನೂರಕ್ಕೆ ಏಳು.

ಹುಬ್ಬಳ್ಳಿ ಪೂರ್ತಿ ಬರಿದಾಗಲಿಲ್ಲ, ಆದರೆ ಮೊದಲ ಸುಗ್ಗಿಯ ಹಲವು ಮಾರ್ಗಗಳು ಉದುರಿದವು. ನಡುವೆ ಕೋವಿಡ್ ಬಂತು. ಬೆಳಗಾವಿ ಜತೆಗಿನ ಹಗ್ಗಜಗ್ಗಾಟವನ್ನೂ ಇಲ್ಲೇ ಹೇಳಬೇಕು. 2018ರಲ್ಲಿ ಸ್ಪೈಸ್‌ಜೆಟ್ ಸಾಂಬ್ರಾ ಬಿಟ್ಟು ಹುಬ್ಬಳ್ಳಿಗೆ ಬಂದಾಗ ಬೆಳಗಾವಿಯವರು ಬೀದಿಗಿಳಿದರು. ಮರುವರ್ಷ ಮೂರನೇ ಸುತ್ತಿನಲ್ಲಿ ಬೆಳಗಾವಿಗೂ ಸಬ್ಸಿಡಿ ಸಿಕ್ಕಿತು, ಗಾಳಿ ಅತ್ತ ಬೀಸಿತು. ಅವರ ಮೂರು ವರ್ಷ ಮುಗಿದಾಗ ಅಲ್ಲೂ ಮಾರ್ಗಗಳು ಕಡಿಮೆಯಾದವು. ನೂರು ಕಿಲೋಮೀಟರ್ ಒಳಗಿನ ಎರಡು ಊರಿನವರು ಒಬ್ಬರನ್ನೊಬ್ಬರು ಬೈದುಕೊಂಡದ್ದೇ ಬಂತು. ವಿಮಾನ ಓಡಿದ್ದು ಊರಿನ ಹಿಂದೆ ಅಲ್ಲ, ಸಬ್ಸಿಡಿಯ ಹಿಂದೆ.

ಇನ್ನು ನಿಲ್ದಾಣದ ಸ್ವಂತ ಆದಾಯ. ಇದರಲ್ಲಿ ನಮಗೆ ಅಚ್ಚರಿ ತಂದ ಸಂಗತಿ ಒಂದಿದೆ. ಪ್ರಾಧಿಕಾರದ ನಿಯಮದಂತೆ 80ಕ್ಕಿಂತ ಕಡಿಮೆ ಸೀಟಿನ ದೇಶೀಯ ವಿಮಾನಕ್ಕೆ ಲ್ಯಾಂಡಿಂಗ್ ಶುಲ್ಕವಿಲ್ಲ. ಇಂಡಿಗೊದ ಎಟಿಆರ್‌ನಲ್ಲಿ ಇರುವುದು 78 ಸೀಟು. ಸ್ಪೈಸ್‌ಜೆಟ್‌ನ ಬೊಂಬಾರ್ಡಿಯರ್‌ನಲ್ಲೂ 78 ಇತ್ತು. ಸ್ಟಾರ್ ಏರ್ ಆರಂಭಿಸಿದ ಎಂಬ್ರೇಯರ್‌ನಲ್ಲಿ 50. ಅಂದರೆ ನಮ್ಮ ಊರಿಗೆ ಹೆಚ್ಚು ಒಗ್ಗುವ ವಿಮಾನ ಇಳಿದಷ್ಟೂ ನಿಲ್ದಾಣಕ್ಕೆ ಲ್ಯಾಂಡಿಂಗ್ ಲೆಕ್ಕದಲ್ಲಿ ಸೊನ್ನೆ. ರನ್‌ವೇ ದುರಸ್ತಿ, ಅಗ್ನಿಶಾಮಕ, ಭದ್ರತೆ, ಕರೆಂಟ್ ಬಿಲ್ ಮಾತ್ರ ದಿನಕ್ಕೆ ನಾಲ್ಕು ವಿಮಾನ ಬಂದರೂ ಹತ್ತು ಬಂದರೂ ಹೆಚ್ಚುಕಮ್ಮಿ ಅಷ್ಟೇ. ಉಳಿಯುವುದು ಪ್ರಯಾಣಿಕರ ಶುಲ್ಕ, ಅಂಗಡಿ ಬಾಡಿಗೆ, ಕಾರ್ ಪಾರ್ಕಿಂಗ್. ಪ್ರಯಾಣಿಕರು ಹೆಚ್ಚಿದರೆ ಮಾತ್ರ ಅವು ಹೆಚ್ಚುತ್ತವೆ. ಅಲ್ಲಿ ಪೈಪೋಟಿಗೆ ರೈಲಿದೆ. 2023ರ ಜೂನ್ 27ರಿಂದ ಧಾರವಾಡ-ಬೆಂಗಳೂರು ವಂದೇ ಭಾರತ್ ಓಡುತ್ತಿದೆ, ಆರೂವರೆ ತಾಸಿನೊಳಗೆ ಮೆಜೆಸ್ಟಿಕ್. ದೇವನಹಳ್ಳಿಯಲ್ಲಿ ಇಳಿದು ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕೂತವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಹೀಗಿದ್ದೂ 2024ರ ಮಾರ್ಚ್ 10ರಂದು ಪ್ರಧಾನಿ ಹುಬ್ಬಳ್ಳಿ ಮತ್ತು ಬೆಳಗಾವಿ ಎರಡಕ್ಕೂ ಒಂದೇ ದಿನ ಹೊಸ ದೊಡ್ಡ ಟರ್ಮಿನಲ್‌ಗಳ ಅಡಿಗಲ್ಲು ಹಾಕಿದರು. ಹುಬ್ಬಳ್ಳಿಯದಕ್ಕೆ ಮುನ್ನೂರು ಕೋಟಿಗೂ ಮಿಕ್ಕಿದ ಅಂದಾಜು. ಅದಕ್ಕೂ ಮೂರು ತಿಂಗಳು ಮೊದಲು ಬೆಳಗಾವಿ ಅಧಿವೇಶನದಲ್ಲಿ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರಿಡಲು ವಿಧಾನಸಭೆ ನಿರ್ಣಯ ಮಾಡಿತ್ತು. ಹೆಸರಿನ ಬಗ್ಗೆ ನಮ್ಮ ತಕರಾರಿಲ್ಲ. ಟರ್ಮಿನಲ್ ಬೇಡ ಎಂದೂ ಅನ್ನುವುದಿಲ್ಲ, ಒಂದೇ ಹೊತ್ತಿಗೆ ಎರಡು ವಿಮಾನ ಬಂದಾಗಿನ ನೂಕುನುಗ್ಗಲು ನೋಡಿದ್ದೇವೆ. ಆದರೆ ಕಟ್ಟಡಕ್ಕೆ ದುಡ್ಡು ಒಂದು ಸಲ, ವಿಮಾನಕ್ಕೆ ದುಡ್ಡು ದಿನಾ. ಎರಡನೆಯದರ ಮಾತು ಯಾವ ವೇದಿಕೆಯಲ್ಲೂ ಬರಲಿಲ್ಲ.

ಮುಂದೇನು ಎಂಬುದಕ್ಕೆ ಒಂದು ಸುಳಿವು ಹಳೆಯ ಕಾಗದದಲ್ಲಿದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಪ್ರಕಟಿಸಿದ ರಾಷ್ಟ್ರೀಯ ನಗದೀಕರಣ ಯೋಜನೆಯಲ್ಲಿ ಖಾಸಗಿಯವರಿಗೆ ಗುತ್ತಿಗೆ ಕೊಡಬಹುದಾದ 25 ವಿಮಾನ ನಿಲ್ದಾಣಗಳ ಪಟ್ಟಿಯಿತ್ತು. ಚೆನ್ನೈ, ವಾರಾಣಸಿ ಜತೆ ಹುಬ್ಬಳ್ಳಿಯ ಹೆಸರೂ ಇತ್ತು. ಮಂಗಳೂರು ಅದಕ್ಕೂ ಮೊದಲೇ, 2020ರಲ್ಲಿ, ಅದಾನಿ ಸಮೂಹಕ್ಕೆ ಹೋಗಿತ್ತು. ಸಣ್ಣ ನಿಲ್ದಾಣಗಳನ್ನು ಯಾರೂ ಬಿಡಿಯಾಗಿ ಕೊಳ್ಳುವುದಿಲ್ಲವೆಂದು ದೊಡ್ಡದರ ಜತೆ ಕಟ್ಟಿ ಕೊಡುವ ಯೋಚನೆಯೂ ಆಮೇಲೆ ಬಂತು. ಕರ್ನಾಟಕ ಸರ್ಕಾರ ಶಿವಮೊಗ್ಗದಲ್ಲಿ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ನಿಲ್ದಾಣ ನಡೆಸುವುದು ರಾಜ್ಯದ್ದೇ ಸಂಸ್ಥೆಯಾದ ಕೆಎಸ್‌ಐಐಡಿಸಿ. ನಷ್ಟವಾದರೆ ವಿಧಾನಸೌಧದಲ್ಲೇ ಕೇಳಬಹುದು.

ಗುತ್ತಿಗೆ ಕೊಟ್ಟರೆ ಬಾಡಿಗೆ ಯಾರಿಗೆ? ತಮಿಳುನಾಡು 2022ರಲ್ಲೇ ಹೇಳಿದೆ: ನಾವು ಪುಕ್ಕಟೆ ಕೊಟ್ಟ ಜಮೀನಿನ ಮೇಲಿನ ನಿಲ್ದಾಣವನ್ನು ಪ್ರಾಧಿಕಾರ ಖಾಸಗಿಗೆ ವಹಿಸಿದರೆ, ಬರುವ ದುಡ್ಡಿನಲ್ಲಿ ನಮ್ಮ ಪಾಲು ಕೊಡಬೇಕು. ಗೋಕುಲದ ಜಮೀನಿಗೂ ಇದೇ ಪ್ರಶ್ನೆ ಹೊಂದುತ್ತದೆ. ರಾಜ್ಯ ಆ ಎಕರೆಗಳನ್ನು ಪ್ರಾಧಿಕಾರಕ್ಕೆ ಯಾವ ಷರತ್ತಿನ ಮೇಲೆ ಕೊಟ್ಟಿತು ಎಂಬ ಕರಾರಿನ ಪ್ರತಿ ಕೇಳಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ದೇವೆ. ಕಾಗದ ಕೈಗೆ ಬಂದ ದಿನ ಇಲ್ಲೇ ಹಾಕುತ್ತೇವೆ.