ಗುರಿ ತಪ್ಪುವ ಎಸೆತ: ಬೇಸ್‌ಬಾಲ್ ವಿಡಿಯೊ ಗೇಮುಗಳಲ್ಲಿ ಪಿಚಿಂಗ್‌ನ ಇತಿಹಾಸ

ಬೇಸ್‌ಬಾಲ್ ವಿಡಿಯೊ ಗೇಮು ರೂಪಿಸಿದವರಿಗೆಲ್ಲ ಎದುರಾದ ದೊಡ್ಡ ತೊಡಕು, ಎಸೆದ ಚೆಂಡು ಆಗಾಗ ಗುರಿ ತಪ್ಪುವಂತೆ ಮಾಡುವುದು ಹೇಗೆ ಎಂಬುದು. ಮೈದಾನದಲ್ಲಿ ಎಂಥ ನುರಿತ ಪಿಚರ್ ಆದರೂ ಕ್ಯಾಚರ್ ಚಾಚಿದ ಗ್ಲೌಸಿಗೆ ಗುರಿಯಿಟ್ಟು ಅರ್ಧ ಅಡಿ, ಒಂದಡಿ ಆಚೀಚೆ ಎಸೆಯುತ್ತಲೇ ಇರುತ್ತಾನೆ. ತೆರೆಯ ಮೇಲೆ ಹಾಗಲ್ಲ. ಗುಂಡಿ ಒತ್ತಿದರೆ ಚೆಂಡು ಹೇಳಿದ ಜಾಗಕ್ಕೇ ಹೋಗುತ್ತದೆ. ಚೆಂಡು ಪ್ರತಿ ಸಲವೂ ಮೂಲೆಗೇ ಬೀಳುವಂತಿದ್ದರೆ ಆಟದ ಅರ್ಧ ಜೀವ ಹೋದಂತೆ. ಪಿಚಿಂಗ್ ಎಷ್ಟು ಕಷ್ಟವಿರಬೇಕು, ಆ ಕಷ್ಟ ಎಲ್ಲಿಂದ ಬರಬೇಕು ಎಂಬ ಹುಡುಕಾಟ ಈ ಗೇಮುಗಳ ಇತಿಹಾಸದ ಉದ್ದಕ್ಕೂ ನಡೆದಿದೆ.

ಮೊದಲು ಆಟದ ಲೆಕ್ಕ. ಪಿಚರ್ 60 ಅಡಿ 6 ಇಂಚು ದೂರದಿಂದ ಚೆಂಡನ್ನು ನೆಲಕ್ಕೆ ತಾಗಿಸದೆ ಎಸೆಯುತ್ತಾನೆ. 17 ಇಂಚು ಅಗಲದ ಹೋಮ್ ಪ್ಲೇಟಿನ ಮೇಲೆ, ಬ್ಯಾಟರನ ಮೊಣಕಾಲಿನಿಂದ ಎದೆಯವರೆಗಿನ ಜಾಗವೇ ಸ್ಟ್ರೈಕ್ ವಲಯ. ವಲಯದೊಳಗೆ ಬಂದ ಎಸೆತವನ್ನು ಬಿಟ್ಟರೂ, ಬೀಸಿ ತಪ್ಪಿದರೂ ಸ್ಟ್ರೈಕ್; ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್. ವಲಯದ ಹೊರಗೆ ಹೋದ ನಾಲ್ಕು ಎಸೆತಗಳನ್ನು, ಅಂದರೆ ಬಾಲ್‌ಗಳನ್ನು, ಅವನು ಮುಟ್ಟದೆ ಬಿಟ್ಟರೆ ಮೊದಲ ಬೇಸಿಗೆ ನಡೆದುಕೊಂಡೇ ಹೋಗಬಹುದು. ಅದಕ್ಕೆ ವಾಕ್ ಎನ್ನುತ್ತಾರೆ. ಗಂಟೆಗೆ 95 ಮೈಲಿ ವೇಗದ ಎಸೆತ ಪ್ಲೇಟ್ ತಲುಪಲು ಹಿಡಿಯುವುದು ಸುಮಾರು 0.4 ಸೆಕೆಂಡು. ಅಷ್ಟರೊಳಗೆ ಬ್ಯಾಟರ್ ನೋಡಬೇಕು, ತೀರ್ಮಾನಿಸಬೇಕು, ಬ್ಯಾಟ್ ಬೀಸಬೇಕು.

ಪಿಚರ್ ಮತ್ತು ಬ್ಯಾಟರ್ ನಡುವಿನ ಈ ತಕ್ಕಡಿಯನ್ನು ಗೇಮುಗಳಿಗಿಂತ ಬಹಳ ಮೊದಲೇ ಅಮೆರಿಕದ ಲೀಗುಗಳು ಸರಿಪಡಿಸುತ್ತ ಬಂದಿದ್ದವು. 1884ರಲ್ಲಿ ನ್ಯಾಷನಲ್ ಲೀಗ್ ತೋಳನ್ನು ಭುಜದ ಮೇಲೆತ್ತಿ ಎಸೆಯಲು ಅವಕಾಶ ಕೊಟ್ಟಿತು. ಎಸೆತ ಮೇಲೆ ಬರಬೇಕೋ ಕೆಳಗೆ ಬರಬೇಕೋ ಎಂದು ಬ್ಯಾಟರೇ ಕೇಳಿ ಪಡೆಯುವ ಹಕ್ಕು 1887ರಲ್ಲಿ ಹೋಯಿತು. ನಾಲ್ಕು ಬಾಲಿಗೆ ವಾಕ್ ಎಂಬ ನಿಯಮ 1889ರಲ್ಲಿ, ಈಗಿನ ದೂರ 1893ರಲ್ಲಿ ನೆಲೆ ನಿಂತವು. 1968ರಲ್ಲಿ ತಕ್ಕಡಿ ಪಿಚರುಗಳ ಕಡೆಗೆ ಪೂರ್ತಿ ವಾಲಿತು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬಾಬ್ ಗಿಬ್ಸನ್ ಒಂಬತ್ತು ಇನಿಂಗ್ಸಿಗೆ ಸರಾಸರಿ 1.12 ಅರ್ನ್ಡ್ ರನ್ (ಫೀಲ್ಡರುಗಳ ತಪ್ಪಿನಿಂದ ಬಂದವನ್ನು ಬಿಟ್ಟು) ಮಾತ್ರ ಬಿಟ್ಟುಕೊಟ್ಟರು; ಅಮೆರಿಕನ್ ಲೀಗಿನಲ್ಲಿ ಕಾರ್ಲ್ ಯಾಸ್ಟ್ರೆಮ್ಸ್ಕಿಗೆ .301 ಸರಾಸರಿಯೇ ಬ್ಯಾಟಿಂಗ್ ಪ್ರಶಸ್ತಿ ತಂದುಕೊಟ್ಟಿತು. ಮರುವರ್ಷವೇ ಪಿಚರ್ ನಿಲ್ಲುವ ದಿಬ್ಬವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಿದರು, ಸ್ಟ್ರೈಕ್ ವಲಯವನ್ನೂ ಕುಗ್ಗಿಸಿದರು. ಇಂದು ಗೇಮ್ ಆಡುವವರು ಸೆಟ್ಟಿಂಗ್ ಪುಟ ತೆರೆದು ಮಾಡುವ ಕೆಲಸವನ್ನೇ ಅಂದು ನಿಯಮ ಸಮಿತಿ ಮಣ್ಣು ಅಗೆದು ಮಾಡಿತ್ತು.

ಪಿಚರನ ಸಾಮರ್ಥ್ಯವನ್ನು ಅಂಕಿಗಳಿಗೆ ಇಳಿಸಿದ ಮೊದಲ ಯಶಸ್ಸು ಕಂಡದ್ದು ಕಾಗದದ ಮೇಲೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರಿನಿಂದ 1951ರಲ್ಲಿ ಮಾರುಕಟ್ಟೆಗೆ ಬಂದ ಆಪ್ಬಾ ಎಂಬ ಆಟ ಪಿಚರುಗಳಿಗೆ ಎ, ಬಿ, ಸಿ, ಡಿ ಎಂದು ದರ್ಜೆ ಕೊಟ್ಟಿತು. 1961ರಲ್ಲಿ ಹಾಲ್ ರಿಚ್‌ಮನ್ ಹೊರತಂದ ಸ್ಟ್ರ್ಯಾಟ್-ಒ-ಮ್ಯಾಟಿಕ್ ಇನ್ನೂ ಜಾಣತನದ್ದು. ಅದರಲ್ಲಿ ಪ್ರತಿ ಆಟಗಾರನಿಗೂ ಒಂದು ಕಾರ್ಡು. ಮೂರು ದಾಳ ಉರುಳಿಸಬೇಕು. ಬೇರೆ ಬಣ್ಣದ ಒಂದು ದಾಳದಲ್ಲಿ 1, 2, 3 ಬಿದ್ದರೆ ಬ್ಯಾಟರನ ಕಾರ್ಡು ನೋಡಬೇಕು, 4, 5, 6 ಬಿದ್ದರೆ ಪಿಚರನ ಕಾರ್ಡು. ಉಳಿದೆರಡು ದಾಳಗಳ ಮೊತ್ತ ಆ ಕಾರ್ಡಿನಲ್ಲಿ ಫಲಿತಾಂಶ ತೋರಿಸುತ್ತದೆ. ಅಂದರೆ ಅರ್ಧ ಸಲ ಬ್ಯಾಟರನ ಮಾತು ನಡೆಯುತ್ತದೆ, ಅರ್ಧ ಸಲ ಪಿಚರನದು. ಪಿಚರ್ ಎಷ್ಟೇ ದೊಡ್ಡವನಾದರೂ ಎಲ್ಲವೂ ಅವನ ಕೈಲಿಲ್ಲ ಎಂಬುದನ್ನು ಇಷ್ಟು ಸರಳವಾಗಿ ಹಿಡಿದ ಇನ್ನೊಂದು ಆಟ ಸಿಗುವುದು ಕಷ್ಟ. 1971ರಲ್ಲಿ ಕ್ಯಾಲಿಫೋರ್ನಿಯಾದ ಪೊಮೊನಾ ಕಾಲೇಜಿನ ವಿದ್ಯಾರ್ಥಿ ಡಾನ್ ಡಾಗ್ಲೋ ಇದೇ ಬಗೆಯ ಲೆಕ್ಕಾಚಾರವನ್ನು ಪಿಡಿಪಿ-10 ಕಂಪ್ಯೂಟರಿಗೆ ತಂದರು.

ಮನೆಯ ಟಿವಿಗೆ ಜೋಡಿಸುವ ಯಂತ್ರಗಳು ಬಂದಾಗ ಈ ಸೂಕ್ಷ್ಮವೆಲ್ಲ ಒಮ್ಮೆಲೇ ಮರೆಯಾಯಿತು. 1978ರಲ್ಲಿ ಅಟಾರಿಯ ಹೋಮ್ ರನ್ ಬಂತು, 1980ರಲ್ಲಿ ಇಂಟೆಲಿವಿಷನ್ನಿನ ಮೇಜರ್ ಲೀಗ್ ಬೇಸ್‌ಬಾಲ್. ಎರಡನೆಯದನ್ನು ಇಬ್ಬರು ಕೂತೇ ಆಡಬೇಕಿತ್ತು. ಎದುರಾಳಿಯಾಗಿ ಆಡುವ ಕಂಪ್ಯೂಟರ್ ಇರಲಿಲ್ಲ. ಪಕ್ಕದಲ್ಲಿ ಕೂತ ಅಣ್ಣನೋ ಗೆಳೆಯನೋ ಎಷ್ಟು ಚುರುಕೋ ಅಷ್ಟೇ ಆಟದ ಕಷ್ಟ. ಅಟಾರಿ 2600 ಯಂತ್ರದ ಮೈಮೇಲೆ ಮಾತ್ರ ಎಡಗಡೆಯ ಆಟಗಾರನಿಗೊಂದು, ಬಲಗಡೆಯವನಿಗೊಂದು ಎಂದು ಎರಡು ಕಷ್ಟದ ಸ್ವಿಚ್ಚುಗಳಿದ್ದವು. ಇಬ್ಬರಿಗೂ ಒಂದೇ ಮಟ್ಟ ಇರಬೇಕಾಗಿಲ್ಲ ಎಂಬ ಒಳ್ಳೆಯ ವಿಚಾರ ಹೀಗೆ ಯಂತ್ರದಲ್ಲೇ ಕೂತಿತ್ತು.

ಜಪಾನಿನಲ್ಲಿ ಈ ಕಥೆ ಬೇರೆ ದಿಕ್ಕು ಹಿಡಿಯಿತು. ನಿಂಟೆಂಡೊ 1983ರ ಡಿಸೆಂಬರಿನಲ್ಲಿ ತನ್ನ ಫ್ಯಾಮಿಕಾಮ್ ಯಂತ್ರಕ್ಕೆ ಬೇಸ್‌ಬಾಲ್ ಗೇಮು ತಂದಿತು. ಮೂರು ವರ್ಷದ ನಂತರ ನಾಮ್ಕೊ ಕಂಪನಿಯ ಫ್ಯಾಮಿಲಿ ಸ್ಟೇಡಿಯಂ ಬಂತು. ಅದೇ ಅಮೆರಿಕದಲ್ಲಿ ಆರ್.ಬಿ.ಐ. ಬೇಸ್‌ಬಾಲ್ ಎಂದು ಹೆಸರಾಯಿತು. ಅದರಲ್ಲಿ ಚೆಂಡು ಕೈಬಿಟ್ಟ ಮೇಲೂ ಪಿಚರನ ಹತೋಟಿಯಲ್ಲೇ ಇರುತ್ತಿತ್ತು. ಗುಂಡಿಯನ್ನು ಎಡಕ್ಕೋ ಬಲಕ್ಕೋ ಒತ್ತಿ ಹಿಡಿದರೆ ಚೆಂಡು ಗಾಳಿಯಲ್ಲೇ ಹೊರಳುತ್ತಿತ್ತು. ಭೌತಶಾಸ್ತ್ರಕ್ಕೆ ಇದು ಒಪ್ಪುವ ಮಾತಲ್ಲ, ಆದರೂ ಇಬ್ಬರು ಎದುರುಬದುರಾಗಿ ಆಡುವಾಗ ಅದರ ಸೊಗಸೇ ಬೇರೆ. ಪಿಚರುಗಳಿಗೆ ತ್ರಾಣದ ಮಿತಿಯನ್ನೂ ಅದು ಇಟ್ಟಿತು. ಇನಿಂಗ್ಸುಗಳು ಉರುಳಿದಂತೆ ಎಸೆತದ ವೇಗ ಕುಗ್ಗುತ್ತದೆ, ತಿರುವು ಸಪ್ಪೆಯಾಗುತ್ತದೆ, ಬೇರೆಯವನನ್ನು ತರಲೇಬೇಕಾಗುತ್ತದೆ. ಮೊದಲ ಗಂಟೆಯಲ್ಲಿ ಸುಲಭವಾಗಿದ್ದದ್ದು ಕೊನೆಯಲ್ಲಿ ಕಷ್ಟವಾಗುವುದು ಮೈದಾನದ ಅನುಭವಕ್ಕೆ ಹತ್ತಿರವಾದದ್ದು. 1994ರಲ್ಲಿ ಕೊನಾಮಿಯ ಪವರ್‌ಫುಲ್ ಪ್ರೊ ಯಾಕ್ಯೂ ಇನ್ನೊಂದು ಹೆಜ್ಜೆ ಇಟ್ಟಿತು: ಪಿಚರ್ ಚೆಂಡು ಬೀಳಬೇಕಾದ ಜಾಗ ಗುರುತಿಸಬೇಕು, ಬ್ಯಾಟರ್ ತನ್ನ ಕರ್ಸರನ್ನು ಆ ಜಾಗಕ್ಕೆ ಒಯ್ದು ಸಮಯ ನೋಡಿ ಬೀಸಬೇಕು. ಈಗಿನ ಬಹುತೇಕ ಗೇಮುಗಳು ನಿಂತಿರುವುದು ಈ ಗುರುತು ಮತ್ತು ಕರ್ಸರಿನ ಪೈಪೋಟಿಯ ಮೇಲೆಯೇ.

ಆದರೂ ಗುರಿ ತಪ್ಪಬೇಕಾದ ಕಾರಣ ಆಡುವವನ ಬೆರಳಿನಲ್ಲಿ ಇರಲಿಲ್ಲ. ಅದನ್ನು ತಂದುಕೊಟ್ಟದ್ದು 2003ರಲ್ಲಿ ಆರಂಭವಾದ ಇಎ ಸ್ಪೋರ್ಟ್ಸ್‌ನ ಎಂವಿಪಿ ಬೇಸ್‌ಬಾಲ್ ಸರಣಿ. ಅದರ ಪಿಚಿಂಗ್ ಮೀಟರ್ ಗಾಲ್ಫ್ ಗೇಮುಗಳಲ್ಲಿ ಮೊದಲೇ ಬಳಕೆಯಲ್ಲಿದ್ದ ಉಪಾಯ. ಗುಂಡಿ ಒತ್ತಿ ಹಿಡಿದರೆ ಪಟ್ಟಿ ತುಂಬುತ್ತ ಹೋಗುತ್ತದೆ. ಬಿಟ್ಟ ಜಾಗ ಎಸೆತದ ಬಲವನ್ನು ನಿರ್ಧರಿಸುತ್ತದೆ. ಗುರುತು ಹಿಂದಕ್ಕೆ ಬರುವಾಗ ಹಸಿರು ಪಟ್ಟೆಯ ಮೇಲೆ ಸರಿಯಾಗಿ ಮತ್ತೊಮ್ಮೆ ಒತ್ತಿದರೆ ಚೆಂಡು ಗುರಿಗೆ ಹೋಗುತ್ತದೆ. ಕಣ್ಣು ರೆಪ್ಪೆ ಮಿಟುಕಿಸುವಷ್ಟು ತಡವಾದರೂ ಚೆಂಡು ವಲಯದ ನಡುವಿಗೆ ಬಂದು ಬ್ಯಾಟರನ ಪಾಲಾಗಬಹುದು. ಬೇಸುಗಳೆಲ್ಲ ತುಂಬಿರುವಾಗ ಆಡುವವನ ಬೆರಳೂ ಆತುರಪಡುತ್ತದೆ. ಪಿಚರನ ದಿಗಿಲು ಹೀಗೆ ನೇರವಾಗಿ ಸೋಫಾದ ಮೇಲೆ ಕೂತವನಿಗೆ ದಾಟಿತು. ಈ ಗೇಮುಗಳ ಇತಿಹಾಸದಲ್ಲಿ ಇದಕ್ಕಿಂತ ಮುಖ್ಯವಾದ ಸುಧಾರಣೆ ಇನ್ನೊಂದಿಲ್ಲ ಎಂದರೆ ಅತಿಶಯವಲ್ಲ. 2005ರ ಆವೃತ್ತಿ ಬ್ಯಾಟರುಗಳ ಕಡೆಗೂ ನೋಡಿತು: ಪಿಚರನ ಕೈಯಿಂದ ಹೊರಡುವಾಗ ಚೆಂಡು ಕ್ಷಣಕಾಲ ಬಣ್ಣ ತಾಳಿ, ಬರುತ್ತಿರುವುದು ಯಾವ ಬಗೆಯ ಎಸೆತ ಎಂಬ ಸುಳಿವು ಕೊಡುತ್ತಿತ್ತು. ಆ ವರ್ಷ ಅಮೆರಿಕದ ಅಗ್ರ ವೃತ್ತಿಪರ ಲೀಗಾದ ಮೇಜರ್ ಲೀಗಿನ ಪರವಾನಗಿ ಟೇಕ್-ಟು ಕಂಪನಿಯ ಪಾಲಾದ್ದರಿಂದ ಸರಣಿ ಕಾಲೇಜು ಬೇಸ್‌ಬಾಲಿಗೆ ಸರಿದು, ಎರಡೇ ವರ್ಷದಲ್ಲಿ ನಿಂತುಹೋಯಿತು.

ಟೇಕ್-ಟು ಬಳಗದ ಎಂಎಲ್‌ಬಿ 2ಕೆ ಸರಣಿ ಬೆರಳಿನ ಬದಲು ಹೆಬ್ಬೆರಳಿನ ಚಲನೆಗೆ ಒತ್ತು ಕೊಟ್ಟಿತು. ಪ್ರತಿ ಬಗೆಯ ಎಸೆತಕ್ಕೂ ಅನಲಾಗ್ ಸ್ಟಿಕ್ಕಿನಿಂದ ಬೇರೆ ಬೇರೆ ಸನ್ನೆ. 2010ರ ಆವೃತ್ತಿಗೆ ಕಂಪನಿ 10 ಲಕ್ಷ ಡಾಲರ್ ಬಹುಮಾನ ಘೋಷಿಸಿತು: ಎದುರಾಳಿಯ 27 ಬ್ಯಾಟರುಗಳಲ್ಲಿ ಒಬ್ಬನನ್ನೂ ಬೇಸಿಗೆ ಬಿಡದೆ ಪರ್ಫೆಕ್ಟ್ ಗೇಮ್ ಎಸೆದ ಮೊದಲಿಗನಿಗೆ. ಮೇಜರ್ ಲೀಗಿನಲ್ಲಿ ಸುಮಾರು 130 ವರ್ಷಗಳಲ್ಲಿ ಅಂಥವು ಅಲ್ಲಿಯವರೆಗೆ 18 ಮಾತ್ರ ಆಗಿದ್ದವು. ಗೇಮು ಬಿಡುಗಡೆಯಾದ ಮಾರ್ಚ್ 2ರಂದೇ ಅಲಬಾಮಾದ ಯುವಕನೊಬ್ಬ ಅದನ್ನು ಸಾಧಿಸಿದ. ಅವನು ಆರಿಸಿಕೊಂಡಿದ್ದ ಪಿಚರ್ ಅಟ್ಲಾಂಟಾ ಬ್ರೇವ್ಸ್ ತಂಡದ ಕೆನ್‌ಶಿನ್ ಕಾವಾಕಾಮಿ. ಅದೇ ವರ್ಷ ಮೈದಾನದಲ್ಲಿ ಅವರ ದಾಖಲೆ 1 ಗೆಲುವು, 10 ಸೋಲು. ಸಾಧಿಸಿದವನ ಕೌಶಲ ನಿಜವಾದದ್ದೇ. ಆದರೆ ಒಂದು ಸಂಗತಿ ಅದರಿಂದ ಸ್ಪಷ್ಟವಾಯಿತು: ಪಳಗಿದ ಹೆಬ್ಬೆರಳಿಗೆ ಹಾಕಿಕೊಟ್ಟ ಅಡ್ಡಿ ಇನ್ನೂ ಸಾಲದು.

ಸೋನಿಯ ಸ್ಯಾನ್ ಡಿಯಾಗೊ ಸ್ಟುಡಿಯೊ 2006ರಿಂದ ತರುತ್ತಿರುವ ಎಂಎಲ್‌ಬಿ ದಿ ಶೋ ಸರಣಿ ಈ ಪ್ರಶ್ನೆಯನ್ನು ಹೆಚ್ಚು ತಾಳ್ಮೆಯಿಂದ ಕೈಗೆತ್ತಿಕೊಂಡಿದೆ. ಒಂದೇ ವಿಧಾನವನ್ನು ಎಲ್ಲರ ಮೇಲೆ ಹೇರದೆ ಅದು ಹಲವನ್ನು ಒಟ್ಟಿಗೆ ಇಟ್ಟಿತು. ಕ್ಲಾಸಿಕ್ ವಿಧಾನದಲ್ಲಿ ಗುರಿ ತೋರಿಸಿ ಗುಂಡಿ ಒತ್ತಿದರೆ ಸಾಕು, ಉಳಿದದ್ದನ್ನು ಪಿಚರನ ಅಂಕಗಳೇ ನಿರ್ಧರಿಸುತ್ತವೆ. ಪಲ್ಸ್‌ನಲ್ಲಿ ಹಿಗ್ಗಿ ಕುಗ್ಗುವ ವೃತ್ತ ಅತಿ ಚಿಕ್ಕದಾದಾಗ ಒತ್ತಬೇಕು. ಮೀಟರ್ ಹಳೆಯದೇ. 2011ರಲ್ಲಿ ಬಂದ ಪ್ಯೂರ್ ಅನಲಾಗ್‌ನಲ್ಲಿ ಸ್ಟಿಕ್ಕನ್ನು ಕೆಳಕ್ಕೆಳೆದು ಗುರಿಯ ದಿಕ್ಕಿಗೆ ಮೇಲಕ್ಕೆ ದೂಡಬೇಕು. 2021ರ ಪಿನ್‌ಪಾಯಿಂಟ್ ಎಲ್ಲಕ್ಕಿಂತ ಕಠಿಣ: ತೆರೆಯ ಮೇಲೆ ಮೂಡುವ ಗೆರೆಯನ್ನು ಸ್ಟಿಕ್ಕಿನಿಂದ ತಿದ್ದಿ, ಸರಿಯಾದ ಗತಿಯಲ್ಲಿ ತಿದ್ದಿ, ಕೊನೆಯ ತಳ್ಳನ್ನು ಸರಿಯಾದ ಕ್ಷಣಕ್ಕೆ ಮುಗಿಸಬೇಕು. ಎಲ್ಲವೂ ಕೂಡಿಬಂದರೂ ಚೆಂಡು ಒಂದು ಚುಕ್ಕೆಗೆ ಹೋಗುವುದಿಲ್ಲ. ಪಿಚರನ ಹಿಡಿತ ಮತ್ತು ದಣಿವನ್ನು ನೋಡಿಕೊಂಡು ಗೀಚಿದ ಒಂದು ಪುಟ್ಟ ವಲಯದೊಳಗೆ ಎಲ್ಲೋ ಬೀಳುತ್ತದೆ. ಆಡುವವನ ತಪ್ಪು ಬೇರೆ, ಪಿಚರನ ತಪ್ಪು ಬೇರೆ ಎಂದು ವಿಂಗಡಿಸಿದ ಈ ಏರ್ಪಾಡಿಗೂ ಸ್ಟ್ರ್ಯಾಟ್-ಒ-ಮ್ಯಾಟಿಕ್‌ನ ದಾಳದ ತತ್ವಕ್ಕೂ ಹತ್ತಿರದ ನಂಟು.

ಇದರ ಜೊತೆಗೆ ಕಷ್ಟದ ಮಟ್ಟಗಳು ಬೆಳೆದವು: ಬಿಗಿನರ್, ರೂಕಿ, ವೆಟರನ್, ಆಲ್-ಸ್ಟಾರ್, ಹಾಲ್ ಆಫ್ ಫೇಮ್, ಲೆಜೆಂಡ್. ಪಿಚಿಂಗಿಗೆ ಒಂದು ಮಟ್ಟ, ಬ್ಯಾಟಿಂಗಿಗೆ ಇನ್ನೊಂದು ಮಟ್ಟ ಇಟ್ಟುಕೊಳ್ಳಬಹುದು. ಈ ಬೇರ್ಪಡಿಕೆ ಬಹಳ ಬೇಕಾಗಿತ್ತು, ಏಕೆಂದರೆ ಎಸೆಯುವವನಿಗೆ ಯೋಚಿಸಲು ಸಮಯವಿದೆ, ಹೊಡೆಯುವವನಿಗೆ ಇಲ್ಲ. ಸೆಕೆಂಡಿಗೆ 60 ಚಿತ್ರ ತೋರಿಸುವ ತೆರೆಯಲ್ಲಿ 0.4 ಸೆಕೆಂಡಿನ ಎಸೆತ ಎಂದರೆ 24 ಚಿತ್ರ. ಹಳೆಯ ಡಬ್ಬಾ ಟಿವಿ ಹೋಗಿ ಚಪ್ಪಟೆ ಟಿವಿ ಬಂದ ಮೇಲೆ ಕೆಲವು ಸೆಟ್‌ಗಳು ಚಿತ್ರವನ್ನು ಹಸನುಮಾಡುವ ಕೆಲಸಕ್ಕೇ ಆ ಪೈಕಿ ಮೂರು ನಾಲ್ಕನ್ನು ನುಂಗುತ್ತಿದ್ದವು. ಹಸಿರು ಪಟ್ಟೆಗೆ ಸರಿಯಾಗಿಯೇ ಒತ್ತಿದವನಿಗೂ ತಡವಾಯಿತೆಂಬ ಉತ್ತರ ಬರುತ್ತಿತ್ತು. ಟಿವಿಯನ್ನು ಗೇಮ್ ಮೋಡ್‌ಗೆ ಹಾಕಿದರೆ ಈ ತೊಂದರೆ ಬಹುಪಾಲು ಕಡಿಮೆಯಾಗುತ್ತದೆ; ಕಷ್ಟದ ಮಟ್ಟ ಬದಲಿಸುವ ಮುನ್ನ ನೋಡಬೇಕಾದ ಮೊದಲ ಸೆಟ್ಟಿಂಗ್ ಅದೇ.

ಮಟ್ಟಗಳ ಒಳಗಿನ ಸೂಕ್ಷ್ಮ ಹೊಂದಾಣಿಕೆಗೆ ಸ್ಲೈಡರುಗಳಿವೆ. ದಿ ಶೋದಲ್ಲಿ ಪಿಚರನ ಹಿಡಿತ, ಸ್ಥಿರತೆ, ತ್ರಾಣ, ಫಾಸ್ಟ್‌ಬಾಲಿನ ವೇಗ, ಕಂಪ್ಯೂಟರ್ ಪಿಚರ್ ಸ್ಟ್ರೈಕ್ ಎಸೆಯುವ ಪ್ರಮಾಣ ಮುಂತಾದವನ್ನು ನಡುವಿನ 5ರಿಂದ ಮೇಲಕ್ಕೂ ಕೆಳಕ್ಕೂ ಸರಿಸಬಹುದು. ಆಡುವವನಿಗೂ ಕಂಪ್ಯೂಟರಿಗೂ ಬೇರೆ ಬೇರೆ. ಇವು ಬಂದ ಮೇಲೆ ಆಟಗಾರರ ನಡುವೆ ಒಂದು ಶಿಸ್ತೇ ಬೆಳೆಯಿತು: ಪಂದ್ಯ ಮುಗಿದ ಮೇಲೆ ಬಾಕ್ಸ್ ಸ್ಕೋರ್, ಅಂದರೆ ಪಂದ್ಯದ ಅಂಕಿಪಟ್ಟಿ, ಓದುವುದು. ಈಚಿನ ವರ್ಷಗಳ ಮೇಜರ್ ಲೀಗಿನಲ್ಲಿ ಒಂದು ತಂಡ ಪಂದ್ಯಕ್ಕೆ ಸುಮಾರು 145ರಿಂದ 150 ಎಸೆತ ಎಸೆಯುತ್ತದೆ, ಮೂರರಷ್ಟು ವಾಕ್ ಕೊಡುತ್ತದೆ, ಎಂಟಕ್ಕೂ ಹೆಚ್ಚು ಸ್ಟ್ರೈಕ್ಔಟ್ ಪಡೆಯುತ್ತದೆ. ಎಸೆತಗಳಲ್ಲಿ ಸ್ಟ್ರೈಕ್ ಎಂದು ದಾಖಲಾಗುವವು ನೂರಕ್ಕೆ ಸುಮಾರು 64, ಆದರೆ ನಿಜವಾಗಿ ವಲಯದೊಳಗೆ ಬೀಳುವುದು ಹತ್ತಿರಹತ್ತಿರ ಅರ್ಧ ಮಾತ್ರ. ಉಳಿದದ್ದು ಬ್ಯಾಟರ್ ಹೊರಗಿನ ಚೆಂಡಿಗೆ ಬೀಸಿ ಕಳೆದುಕೊಂಡದ್ದು.

ಹೊಸಬರ ಅಂಕಿಗಳು ಇದಕ್ಕಿಂತ ಬಹಳ ದೂರ. ಎಲ್ಲ ಎಸೆತವನ್ನೂ ವಲಯಕ್ಕೇ ತುಂಬುತ್ತಾರೆ, ಕಂಪ್ಯೂಟರ್ ಬ್ಯಾಟರ್ ಮೊದಲ ಎರಡು ಎಸೆತದಲ್ಲೇ ಹೊಡೆದು ಔಟಾಗುತ್ತಾನೆ, ಒಂಬತ್ತು ಇನಿಂಗ್ಸು 90 ಎಸೆತದಲ್ಲಿ, ಒಂದೂ ವಾಕ್ ಇಲ್ಲದೆ ಮುಗಿದುಹೋಗುತ್ತದೆ. ಹೀಗಾದಾಗ ಸುಮ್ಮನೆ ಮಟ್ಟ ಏರಿಸಿದರೆ ಬ್ಯಾಟರುಗಳು ಬಲಿಷ್ಠರಾಗುತ್ತಾರೆ, ಹೋಮ್ ರನ್ ಹೆಚ್ಚುತ್ತದೆ, ವಾಕ್ ಮಾತ್ರ ಸೊನ್ನೆಯಲ್ಲೇ ಉಳಿಯಬಹುದು. ಹಿಡಿತದ ಸ್ಲೈಡರನ್ನು ಒಂದೊಂದೇ ಅಂಕ ಇಳಿಸಿ, ಪ್ರತಿ ಬದಲಾವಣೆಗೂ ಹಲವು ಪಂದ್ಯ ಆಡಿ ನೋಡುವುದೇ ಸರಿಯಾದ ದಾರಿ. ಒಂದು ಪಂದ್ಯದ ಅಂಕಿಗಳಿಂದ ಏನೂ ತಿಳಿಯದು. ಬೇಸ್‌ಬಾಲಿನಲ್ಲಿ ಅದೃಷ್ಟದ ಪಾಲು ಅಷ್ಟು ದೊಡ್ಡದು. ಎರಡು ಮೂರು ಸ್ಲೈಡರುಗಳನ್ನು ಒಟ್ಟಿಗೆ ಸರಿಸಿದರೆ ಯಾವುದರಿಂದ ಏನಾಯಿತು ಎಂಬುದೂ ಗೊತ್ತಾಗುವುದಿಲ್ಲ.

ಇಷ್ಟು ತಾಳ್ಮೆ ಇಲ್ಲದವರಿಗೆ ಡೈನಮಿಕ್ ಮಟ್ಟವಿದೆ. ಆಡುವವನು ಚೆನ್ನಾಗಿ ಎಸೆದಂತೆ ಅದು ತಾನೇ ಮೇಲೇರುತ್ತದೆ, ಏಟು ತಿಂದಂತೆ ಇಳಿಯುತ್ತದೆ. ಪಿಚಿಂಗಿನ ಏರಿಳಿತ ಬ್ಯಾಟಿಂಗಿನದಕ್ಕೆ ತಳುಕು ಹಾಕಿಕೊಳ್ಳುವುದಿಲ್ಲ. ತಮ್ಮ ಮಟ್ಟ ಯಾವುದೆಂದು ತಿಳಿಯದವರು ಕೆಲವು ವಾರ ಇದರಲ್ಲಿ ಆಡಿ, ಅದು ಎಲ್ಲಿ ನಿಲ್ಲುತ್ತದೋ ಆ ಮಟ್ಟದಿಂದ ಸ್ಲೈಡರಿನ ಕೆಲಸ ಶುರುಮಾಡಬಹುದು. ಇನ್ನೊಂದು ತುದಿಯಲ್ಲಿ, ಲೆಜೆಂಡ್ ಮಟ್ಟವೂ ಸಾಲದೆನ್ನುವವರಿಗಾಗಿ 2025ರ ಆವೃತ್ತಿ ಅದರ ಮೇಲೆ ಗೋಟ್ ಎಂಬ ಹೊಸ ಮಟ್ಟವನ್ನು ಸೇರಿಸಿದೆ.